ಹಳೆಯ ಕ್ರೋಶಾ ಹೊದಿಕೆಯಿಂದ ಜಾಕೆಟ್ ಹೊಲಿಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದವಳು. ನಮ್ಮ ದೊಡ್ಡಮ್ಮ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಹಳೆಯ ಹೊದಿಕೆಯ ಒಂದು ಅಂಚನ್ನು ಇಲಿ ಕಡಿದಿರುವುದರಿಂದ, ಉಳಿದ ಗಟ್ಟಿ ಭಾಗದಲ್ಲಿ ಅಮ್ಮನಿಗೆ ಮಾಗಿಯ ಚಳಿಗೊಂದು ಜಾಕೆಟ್ ಹೊಲಿಯಬೇಕೆಂದಿದ್ದೇನೆ. ಸಾಸಿವೆ ಹಳದಿ ಮತ್ತು ಕುಂಕುಮಗೆಂಪಿನ ಚೌಕಗಳನ್ನು ಕಪ್ಪು ನೂಲಿನಿಂದ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾರೆಂದರೆ, ಕತ್ತರಿ ಹಾಕಲು ಕೈ ಬರುತ್ತಿಲ್ಲ.

ಸಡಿಲ ಎಳೆಯೊಂದನ್ನು ಸುಟ್ಟು ನೋಡಿದಾಗ ಕೂದಲು ಸುಟ್ಟ ವಾಸನೆ ಬರದೆ, ಅದು ಕರಗಿ ಗಟ್ಟಿ ಮಣಿಯಂತಾಯಿತು. ಹಾಗಾಗಿ ಇದು ಉಣ್ಣೆಯಲ್ಲ, ಅಕ್ರಿಲಿಕ್ ಇರಬೇಕು. ಬಿಸಿ ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್ ಇದಕ್ಕೆ ಸೂಕ್ತವಲ್ಲವೆಂದು ಭಾವಿಸುತ್ತೇನೆ.

ಚೌಕಗಳ ಜೋಡಣೆಯನ್ನಷ್ಟೇ ಬಿಚ್ಚಿದರೆ ಹೆಣಿಗೆಗೆ ತೊಂದರೆಯಿಲ್ಲ, ಆದರೆ ಕುತ್ತಿಗೆ ಮತ್ತು ಕಂಕುಳಿನ ತಿರುವಿನಲ್ಲಿ ಚೌಕವನ್ನೇ ಕತ್ತರಿಸಬೇಕಾಗುತ್ತದೆ ಮತ್ತು ಕತ್ತರಿಸಿದ ಕಡೆ ಕುಣಿಕೆಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಕತ್ತರಿಸುವ ಮೊದಲೇ ಗುರುತಿನ ಎರಡೂ ಬದಿಗೆ ಜಿಗ್‌ಜಾಗ್ ಹೊಲಿಗೆ ಹಾಕಿ, ಬಳಿಕ ಹತ್ತಿ ಬಟ್ಟೆಯ ಓರೆಪಟ್ಟಿಯಿಂದ ಅಂಚು ಮುಚ್ಚಿದರೆ ಸಾಕೇ, ಅಥವಾ ಓವರ್‌ಲಾಕ್ ಮಾಡಿಸಲೇಬೇಕೇ? ಭಾರಕ್ಕೆ ಭುಜ ಜೋತುಬೀಳದಂತೆ ಒಳಗೆ ಪಟ್ಟಿ ಕೊಡಬೇಕೇ, ಪೂರ್ತಿ ಲೈನಿಂಗ್ ಹಾಕಬೇಕೇ?

ಇಂಥ ಬಟ್ಟೆ ಹೊಲಿದು ಅನುಭವವಿರುವವರು ದಯವಿಟ್ಟು ತಿಳಿಸಿ. ಚಿಕ್ಕಬಳ್ಳಾಪುರ ಅಥವಾ ಶಿಡ್ಲಘಟ್ಟದಲ್ಲಿ ಈ ಕೆಲಸವನ್ನು ತಾಳ್ಮೆಯಿಂದ ಮಾಡಿಕೊಡುವ ಟೈಲರ್ ಇದ್ದರೆ ಅದನ್ನೂ ಹೇಳಿ.