ಸಹಾಯ ಬೇಕು: ಮಗಳ ಜರ್ಮನಿ ವರ್ಷ, ಇಲ್ಲಿನ ಕ್ರೆಡಿಟ್

ಎಲ್ಲರಿಗೂ ನಮಸ್ಕಾರ. ನಾವು ಒಹಾಯೋದಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ಹತ್ತನೇ ಗ್ರೇಡ್‌ನಲ್ಲಿರುವ ಮಗಳು ಕಾಂಗ್ರೆಸ್-ಬುಂಡೆಸ್ಟಾಗ್ ಯೂತ್ ಎಕ್ಸ್‌ಚೇಂಜ್‌ಗೆ ಅರ್ಜಿ ಹಾಕಲೇಬೇಕು ಅಂತ ಹಠ ಹಿಡಿದಿದ್ದಾಳೆ. 1983ರಲ್ಲಿ ಅಮೆರಿಕ, ಜರ್ಮನಿ ಎರಡೂ ದೇಶಗಳ ಸಂಸತ್ತು ಸೇರಿ ಶುರು ಮಾಡಿದ ಕಾರ್ಯಕ್ರಮ ಅದು. ಪೂರ್ತಿ ಸ್ಕಾಲರ್‌ಶಿಪ್. ಒಂದು ವರ್ಷ ಜರ್ಮನ್ ಕುಟುಂಬದ ಜೊತೆ ಇದ್ದು ಅಲ್ಲಿನ ಶಾಲೆಗೇ ಹೋಗಬೇಕು.

ಮೊದಲೇ ಜರ್ಮನ್ ಬರಬೇಕು ಅಂತಿಲ್ಲ. ಆದರೂ ಇವಳು ನಮ್ಮ ಅಡುಗೆಮನೆಯ ಡ್ರಾಯರ್ ತುಂಬಾ ಹಳದಿ ಚೀಟಿ ಅಂಟಿಸಿದ್ದಾಳೆ. ಜರ್ಮನ್‌ನಲ್ಲಿ ಪ್ರತಿ ನಾಮಪದದ ಲಿಂಗ ತೋರಿಸೋಕೆ ಮುಂದೆ ಒಂದು ಪದ ಬರುತ್ತಲ್ಲ, ಅದು: ಚಮಚಕ್ಕೆ 'ಡೆರ್', ಫೋರ್ಕ್‌ಗೆ 'ಡೀ', ಚಾಕುವಿಗೆ 'ದಾಸ್'. ಅಷ್ಟು ಆಸೆ ನೋಡಿ ಬೇಡ ಅನ್ನೋಕೆ ಮನಸ್ಸು ಬರುತ್ತಿಲ್ಲ.

ಊಟದ ಚಿಂತೆ ಅಷ್ಟಿಲ್ಲ, ಸಸ್ಯಾಹಾರಿ ಅಂತ ಅರ್ಜಿಯಲ್ಲೇ ಬರೆಯುತ್ತೇವೆ. ಕಷ್ಟ ಇರುವುದು ಅವಳು ಅಲ್ಲಿ ಕಳೆಯುವ ಹನ್ನೊಂದನೇ ಗ್ರೇಡ್‌ನಲ್ಲಿ. ಎಸ್‌ಎಟಿ (ಕಾಲೇಜು ಪ್ರವೇಶದ ಪರೀಕ್ಷೆ), ಎಪಿ (ಹೈಸ್ಕೂಲಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಎಲ್ಲ ಅದೇ ವರ್ಷ, ಅಲ್ವಾ? ಶಾಲೆಯ ಕೌನ್ಸೆಲರ್ ಹತ್ತಿರ ಎರಡು ಸಲ ಹೋದೆ. ವಾಪಸ್ ಬಂದ ಮೇಲೆ ಮಾರ್ಕ್ಸ್‌ಕಾರ್ಡ್ ನೋಡಿ ಹೇಳುತ್ತೇವೆ ಅಂದರು, ಅಷ್ಟೇ. ಅಲ್ಲಿ ಓದಿದ್ದನ್ನು ಇಲ್ಲಿನ ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಅಂದರೆ ಕ್ರೆಡಿಟ್ ಸಿಗದಿದ್ದರೆ, ಒಂದು ವರ್ಷ ಹಿಂದೆ ಬೀಳುತ್ತಾಳೆ.

ನಿಮ್ಮ ಮಕ್ಕಳು ಹನ್ನೊಂದನೇ ಗ್ರೇಡ್ ಹೊರದೇಶದಲ್ಲಿ ಓದಿದ್ದರೆ ದಯವಿಟ್ಟು ಹೇಳಿ: ಹೊರಡುವ ಮುಂಚೆಯೇ ಶಾಲೆಯಿಂದ ಕ್ರೆಡಿಟ್ ಬಗ್ಗೆ ಬರಹದಲ್ಲಿ ಒಪ್ಪಿಗೆ ಪಡೆದಿರಾ? ಯಾರನ್ನು, ಏನಂತ ಕೇಳಿದಿರಿ?