ವರ್ಷಕ್ಕೊಮ್ಮೆ ಬರುವ ಕಾಫಿ ಹಣವನ್ನು ದೀರ್ಘಾವಧಿಗೆ ಹೂಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಕೊಡಗಿನ ಸಿದ್ದಾಪುರದ ಬಳಿ ನಮ್ಮದು ಐದು ಎಕರೆ ರೊಬಸ್ಟಾ ಕಾಫಿ ತೋಟ. ಚೆರಿ (ಕಾಫಿ ಹಣ್ಣು) ಮಾರಿದ ಹಣ ಮಾರ್ಚ್ ವೇಳೆಗೆ ಒಟ್ಟಿಗೆ ಬರುತ್ತದೆ, ಉಳಿದದ್ದು ಉಳಿತಾಯ ಖಾತೆಯಲ್ಲೇ ಇರುತ್ತದೆ. ಎಲ್ಲರೂ ತಿಂಗಳ ಎಸ್‌ಐಪಿ (ಮ್ಯೂಚುವಲ್ ಫಂಡ್‌ನಲ್ಲಿ ಪ್ರತಿ ತಿಂಗಳು ನಿಗದಿತ ಮೊತ್ತ ಹೂಡುವುದು) ಮಾಡಿ ಎನ್ನುತ್ತಾರೆ. ಸಂಬಳವಿಲ್ಲದ ನಾನು ಎಲ್ಲಿಂದ ಆರಂಭಿಸಬೇಕು?

ಉತ್ತರ (ಹೂಡಿಕೆ ಸಲಹೆಗಾರ, ಮಡಿಕೇರಿ): ಮೊದಲು ತೋಟದ ಪಾಲನ್ನು ತೆಗೆದಿಡಿ. ಗೊಬ್ಬರ, ಮರಕಪಾತು (ನೆರಳು ಮರಗಳ ಕೊಂಬೆ ಕಡಿಯುವುದು), ಆಳುಗಳ ಕೂಲಿ, ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಬೇಕಾಗುವ ಡೀಸೆಲ್ ಇವೆಲ್ಲಕ್ಕೂ ಮುಂದಿನ ಕೊಯ್ಲಿನವರೆಗೆ ತಗಲುವ ಹಣವನ್ನು ಹೂಡಿಕೆ ಎಂದು ಲೆಕ್ಕ ಹಾಕಬಾರದು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯವರಿಗೆ ಆಪತ್ತಿನ ನಿಧಿಯ ಅಗತ್ಯವನ್ನು ವಿವರಿಸಬೇಕಿಲ್ಲ. ಚಿನ್ನದ ಮೇಲೆ ಸಾಲವಿದ್ದರೆ ಅದನ್ನೂ ಮೊದಲೇ ತೀರಿಸಿ.

ಉಳಿದದ್ದರಲ್ಲಿ ಒಂದು ಭಾಗ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ) ಹೋಗಲಿ. ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ, ಅವಧಿ 15 ವರ್ಷ. ಪ್ರತಿ ತಿಂಗಳ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕವಾಗುವುದರಿಂದ, ಏಪ್ರಿಲ್ 5ರೊಳಗೆ ಒಟ್ಟಿಗೆ ಕಟ್ಟಿದವರಿಗೆ ಇಡೀ ವರ್ಷದ ಬಡ್ಡಿ ಸಿಗುತ್ತದೆ. ಮಾರ್ಚ್‌ನಲ್ಲಿ ಹಣ ಕಾಣುವ ನಿಮಗೆ ಇದು ಸಂಬಳದಾರರಿಗಿಂತ ಹೆಚ್ಚು ಅನುಕೂಲ.

ಇನ್ನೊಂದು ಭಾಗವನ್ನು ಲಿಕ್ವಿಡ್ ಫಂಡ್‌ನಲ್ಲಿರಿಸಿ (ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಹೂಡುವ ಮ್ಯೂಚುವಲ್ ಫಂಡ್), ಅಲ್ಲಿಂದ ಪ್ರತಿ ತಿಂಗಳು ನಿಗದಿತ ಮೊತ್ತ ಅದೇ ಫಂಡ್ ಸಂಸ್ಥೆಯ ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ (ನಿಫ್ಟಿ ಸೂಚ್ಯಂಕದ 50 ದೊಡ್ಡ ಕಂಪನಿಗಳ ಷೇರುಗಳಲ್ಲಿ ಹೂಡುವ ಫಂಡ್) ತಾನಾಗಿ ವರ್ಗವಾಗುವಂತೆ ಎಸ್‌ಟಿಪಿ, ಅಂದರೆ ವರ್ಗಾವಣೆಯ ಸೂಚನೆ, ಬರೆದುಕೊಡಿ. ನಿಮಗೆ ಎಸ್‌ಐಪಿ ಎಂದರೆ ಇದೇ. ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನನ್ನೇ ಆರಿಸಿ. ಆರಂಭದಲ್ಲಿ ಒಂದೇ ಫಂಡ್ ಸಾಕು, ಐದಾರು ಫಂಡ್ ಹಿಡಿಸುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. 2020ರ ಆರಂಭದಲ್ಲಿ ನಿಫ್ಟಿ ಎರಡು ತಿಂಗಳ ಆಸುಪಾಸಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕುಸಿದಿತ್ತು. ಹಾಗಾಗಿ ಏಳೆಂಟು ವರ್ಷ ಮುಟ್ಟಬೇಕಾಗದ ಹಣವನ್ನು ಮಾತ್ರ ಇಲ್ಲಿ ಹಾಕಿ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಹೆಚ್ಚು ಹಾಕಿ, ಇಲ್ಲದ ವರ್ಷ ಬಿಟ್ಟರೂ ದಂಡವಿಲ್ಲ. ಆದರೆ ಪಿಪಿಎಫ್‌ಗೆ ವರ್ಷಕ್ಕೆ 500 ರೂಪಾಯಿಯಾದರೂ ಕಟ್ಟಲೇಬೇಕು.

ಮರುಪ್ರಶ್ನೆ: ಕೃಷಿ ಆದಾಯಕ್ಕೆ ತೆರಿಗೆಯಿಲ್ಲವಲ್ಲ, ಆ ಹಣದಿಂದ ಬಂದ ಲಾಭಕ್ಕೂ ಇಲ್ಲವೇ ಸರ್?

ಉತ್ತರ: ಲಾಭಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಇಂಡೆಕ್ಸ್ ಫಂಡನ್ನು ಒಂದು ವರ್ಷ ದಾಟಿದ ಮೇಲೆ ಮಾರಿದರೆ, ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ. 12.5ರಷ್ಟು ತೆರಿಗೆಯಿದೆ. ಲಿಕ್ವಿಡ್ ಫಂಡ್‌ನಿಂದ ಆಗುವ ಪ್ರತಿ ವರ್ಗಾವಣೆಯೂ ಮಾರಾಟವೇ ಆದ್ದರಿಂದ, ಅದರ ಸಣ್ಣ ಲಾಭವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಪಿಪಿಎಫ್ ಬಡ್ಡಿಗೆ ಮಾತ್ರ ತೆರಿಗೆಯಿಲ್ಲ.