ತೇಗದ ದಿಮ್ಮಿಯನ್ನು ಸಾಮಿಲ್ಲಿಗೆ ಸಾಗಿಸಬೇಕು, ಒಂದೇ ಸಲಕ್ಕೆ ಆದೀತೇ?

ಮೇಲಂಚು:

ಮೂರು ವಾರಗಳ ಹಿಂದೆ ಬೀಸಿದ ಗಾಳಿಗೆ ನಮ್ಮ ಜಮೀನಿನ ಮೇಲಂಚಿನಲ್ಲಿದ್ದ ತೇಗದ ಮರ ಬೇರುಸಮೇತ ಮಗುಚಿಕೊಂಡಿದೆ. ರೆಂಬೆಗಳನ್ನೆಲ್ಲ ಸವರಿದ್ದಾಯಿತು. ಈಗ ಉಳಿದಿರುವುದು ಒಂಬತ್ತೂವರೆ ಮೀಟರ್ ಉದ್ದದ ನೇರ ಕಾಂಡ. ಸುತ್ತಳತೆ ಬುಡದಲ್ಲಿ 2.1 ಮೀಟರ್, ತುದಿಯಲ್ಲಿ 1.5. ಕೊಯ್ಯಿಸಿ ಬಾಗಿಲು, ಚೌಕಟ್ಟು, ಉಳಿದರೆ ಒಂದು ದೊಡ್ಡ ಮೇಜು ಮಾಡಿಸುವ ಆಸೆ.

ಮರ ಬಿದ್ದ ಜಾಗದಿಂದ ದಾರಿಗೆ ಸುಮಾರು 300 ಮೀಟರ್ ಇಳಿಜಾರು. ಅಲ್ಲಿಂದ ಸಾಮಿಲ್ಲಿಗೆ 12 ಕಿಲೋಮೀಟರ್. ನನ್ನ ಬಳಿ ಚಿಕ್ಕ ಟ್ರ್ಯಾಕ್ಟರ್, ಕೈಯಿಂದ ತಿರುಗಿಸುವ ವಿಂಚ್, ಎರಡು ಚಕ್ರದ ಟ್ರೇಲರ್ ಇವೆ. ಟ್ರೇಲರಿನಲ್ಲಿ 1150 ಕಿಲೋ ಹೇರಬಹುದು ಎಂದು ಅದರ ಫಲಕದ ಮೇಲಿದೆ. ಮರವನ್ನು ಮೂರು ತುಂಡು ಮಾಡಬೇಕೆಂದಿದ್ದೇನೆ. ಕಾಲು ಸುತ್ತಳತೆಯ ಲೆಕ್ಕ (ನಡುವಿನ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು) ಹಾಕಿದರೆ ಒಟ್ಟು 1.9 ಘನ ಮೀಟರ್ ಬರುತ್ತದೆ. ತೇಗ ಘನ ಮೀಟರಿಗೆ 650 ಕಿಲೋ ಎಂದು ಓದಿದ್ದೇನೆ. ಅಲ್ಲಿಗೆ 1200 ಕಿಲೋ ಚಿಲ್ಲರೆ. ಎಂಬತ್ತು ತೊಂಬತ್ತು ಕಿಲೋ ಹೆಚ್ಚಾದರೆ ಆಕಾಶವೇನೂ ಕಳಚಿ ಬೀಳಲಿಕ್ಕಿಲ್ಲ, ಮೂರನ್ನೂ ಒಟ್ಟಿಗೇ ಒಯ್ಯಬಹುದಲ್ಲವೇ? ಕ್ರೇನ್ ಇಲ್ಲದೆ ಹೇರುವುದು ಹೇಗೆ? ಒಂದೆರಡು ತಿಂಗಳು ಒಣಗಲು ಬಿಟ್ಟರೆ ಹಗುರಾದೀತೇ?

ಅಂದ ಹಾಗೆ, ಹಿಂದೊಮ್ಮೆ ಈ ಮರಕ್ಕೇ ತಂತಿ ಬೇಲಿ ಬಿಗಿದಿದ್ದರು ಎಂದು ಅಪ್ಪ ಹೇಳುತ್ತಿದ್ದರು. ಈಗ ಮೊಳೆ ಒಂದೂ ಕಾಣುವುದಿಲ್ಲ.

ನಿಧಾನಿ:

ಕ್ರೇನ್ ಇರುವ ಲಾರಿಯವರಿಗೆ ಹೇಳಿ ಕೈತೊಳೆದುಕೊಳ್ಳಿ. ಇಲ್ಲವೇ ಹೊತ್ತು ತರುವ ಬ್ಯಾಂಡ್ ಸಾ ಇಟ್ಟುಕೊಂಡವರು ಸಿಕ್ಕರೆ ಮರ ಬಿದ್ದಲ್ಲೇ ಕೊಯ್ಯಿಸಿ, ಹಲಗೆಗಳನ್ನು ಒಂದೊಂದಾಗಿ ಇಳಿಸಿ. ದೇವರು ಕೊಟ್ಟಿರುವುದು ಒಂದೇ ಬೆನ್ನು.

ಹಳೇಸರಪಳಿ:

ನಿಧಾನಿಯವರ ಮಾತು ತಪ್ಪಲ್ಲ. ಆದರೆ ಕೇಳಿದವರಿಗೆ ತಾವೇ ಸಾಗಿಸುವ ಹುರುಪಿದೆ. ನಾನು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು, ಆ ಹುರುಪು ನನಗೆ ಅರ್ಥವಾಗುತ್ತದೆ.

ಮೊದಲು ನಿಮ್ಮ ಲೆಕ್ಕ. ಅದರಲ್ಲಿ ಎರಡು ತಪ್ಪುಗಳಿವೆ, ಎರಡೂ ಒಂದೇ ಕಡೆಗೆ ವಾಲುತ್ತವೆ. ಕಾಲು ಸುತ್ತಳತೆಯ ಲೆಕ್ಕ ವ್ಯಾಪಾರದ್ದು. ಕೊಯ್ಯುವಾಗ ಪಕ್ಕದ ಚೆಕ್ಕೆ ಹೋಗುತ್ತದೆ ಎಂದು ಅದು ಮೊದಲೇ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚನ್ನೇ ಕಳೆದುಬಿಡುತ್ತದೆ. ನೂರು ಇರುವ ಕಡೆ ಎಪ್ಪತ್ತೆಂಟೂವರೆ ತೋರಿಸುತ್ತದೆ. ಆದರೆ ಆ ಚೆಕ್ಕೆಯನ್ನೂ ಹೊರುವುದು ನಿಮ್ಮ ಟ್ರೇಲರೇ ತಾನೇ? ತೂಕಕ್ಕೆ ಬೇಕಾದದ್ದು ನಿಜವಾದ ಗಾತ್ರ. ತುಂಡಿನ ನಡುವಿನ ಸುತ್ತಳತೆಯನ್ನು ಮೀಟರಿನಲ್ಲಿ ಹಿಡಿಯಿರಿ, ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 12.57ರಿಂದ ಭಾಗಿಸಿ.

ಎರಡನೆಯದು ಆ 650. ಅದು ಒಣಗಿದ ತೇಗದ ತೂಕ, ಪೀಠೋಪಕರಣದವರ ಅಂಕಿ. ನಿಮ್ಮದು ಹಸಿ ಮರ. ಬರ್ಮಾದಲ್ಲಿ ತೇಗವನ್ನು ನದಿಯಲ್ಲಿ ತೇಲಿಸಿ ಸಾಗಿಸುತ್ತಿದ್ದ ಕಾಲದಲ್ಲಿ, ಕಡಿಯುವುದಕ್ಕೆ ಎರಡು ಮೂರು ವರ್ಷ ಮೊದಲೇ ಬುಡದ ಸುತ್ತ ಉಂಗುರದಂತೆ ಕೆತ್ತಿ ಮರವನ್ನು ನಿಂತಲ್ಲೇ ಒಣಗಿಸುತ್ತಿದ್ದರು. ಹಸಿ ತೇಗ ತೇಲುವುದನ್ನು ನಂಬುವಂತಿರಲಿಲ್ಲ, ಅದಕ್ಕೇ. ನೀರಿನಲ್ಲಿ ತೇಲಲು ತಿಣುಕುವ ಮರ ಎಂದರೆ ಘನ ಮೀಟರಿಗೆ ಸಾವಿರ ಕಿಲೋ ಎಂದೇ ಹಿಡಿಯಿರಿ.

3.1 ಮೀಟರಿನ ಮೂರು ತುಂಡುಗಳೆಂದು ಇಟ್ಟುಕೊಂಡರೆ ಬುಡದ್ದು ಸುಮಾರು 990 ಕಿಲೋ, ನಡುವಿನದು 800, ತುದಿಯದು 630. ಒಟ್ಟು 2400 ದಾಟಿತು. ನೀವು ಅಂದುಕೊಂಡದ್ದರ ಎರಡರಷ್ಟು! ಕಿರಿಯವೆರಡನ್ನು ಜೋಡಿಸಿದರೂ 1430. ಹಾಗಾಗಿ ಮೂರು ಸಲ, ಒಂದೊಂದೇ ದಿಮ್ಮಿ. ಇದರಲ್ಲಿ ಚೌಕಾಸಿ ಇಲ್ಲ.

ಒಣಗಿಸುವ ವಿಚಾರ ಬಿಟ್ಟುಬಿಡಿ. ಇಷ್ಟು ದಪ್ಪದ ದಿಮ್ಮಿ ಎರಡು ತಿಂಗಳಲ್ಲಿ ಹೇಳಿಕೊಳ್ಳುವಷ್ಟು ಹಗುರಾಗುವುದಿಲ್ಲ. ತೇವ ಪಕ್ಕದಿಂದ ಹೋಗುವುದಕ್ಕಿಂತ ಕೊಯ್ದ ಮುಖದಿಂದ ಹತ್ತು ಪಟ್ಟಿಗೂ ಮೀರಿದ ವೇಗದಲ್ಲಿ ಹೋಗುತ್ತದೆ. ಮುಖ ಮಾತ್ರ ಕುಗ್ಗಿ, ಒಡಲು ಹಸಿಯಾಗಿಯೇ ಉಳಿದು, ತುದಿ ನಕ್ಷತ್ರದ ಹಾಗೆ ಬಿರಿಯುತ್ತದೆ. ಬೇರೆ ಮರಗಳಿಗೆ ಹೋಲಿಸಿದರೆ ತೇಗ ಸಾಧು. ಹಾಗೆಂದು ಸಲಿಗೆ ಕೊಡಬೇಡಿ. ತುಂಡು ಮಾಡಿದ ದಿನವೇ ಎರಡೂ ಮುಖಕ್ಕೆ ಮೇಣ ಬಳಿಯಿರಿ, ಅದಿಲ್ಲದಿದ್ದರೆ ದಪ್ಪ ಬಣ್ಣ. ತೊಗಟೆ ಹಾಗೇ ಇರಲಿ.

ತುಂಡು ಮಾಡುವ ಮುಂಚೆ ಇನ್ನೊಂದು ಎಚ್ಚರಿಕೆ. ಬೇರುಸಮೇತ ಬಿದ್ದ ಮರದ ಕಾಂಡವನ್ನು ಬುಡದಲ್ಲಿ ಕತ್ತರಿಸಿದ ಕೂಡಲೇ ಬೇರಿನ ಗೋಡೆ ಮಣ್ಣುಸಮೇತ ಹಿಂದಕ್ಕೆ ಬಂದು ಗುಂಡಿಯಲ್ಲಿ ಕೂರಬಹುದು. ಮುಂದಕ್ಕೂ ಉರುಳಬಹುದು. ಅದರ ಹಿಂದೆ ಮುಂದೆ ನರಪಿಳ್ಳೆಯೂ ಇರಬಾರದು. ಗುಂಡಿಯ ಬಳಿ ಮಕ್ಕಳು ಇಣುಕುತ್ತಿದ್ದರೆ ಕೆಲಸವನ್ನೇ ನಿಲ್ಲಿಸಿ.

ಇನ್ನು ಎಳೆಯುವುದು. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದೆ ತಗ್ಗಿನಲ್ಲಿರುವ ಎಳೆಪಟ್ಟಿಗೆ ಮಾತ್ರ ಕಟ್ಟಿ. ನಾನು ಮೊದಲ ವರ್ಷ ಬುದ್ಧಿಯಿಲ್ಲದೆ ಹಿಂಬದಿಯ ಮೇಲಿನ ಕೊಂಡಿಗೆ ಕಟ್ಟಿದ್ದೆ. ದಿಮ್ಮಿಯ ಮೂತಿ ಒಂದು ಬೇರಿಗೆ ಸಿಕ್ಕಿಕೊಂಡಿತು, ಮುಂದಿನ ಚಕ್ರಗಳೆರಡೂ ನೆಲ ಬಿಟ್ಟು ಒಂದು ಗೇಣು ಮೇಲೆ ಬಂದವು. ಕ್ಲಚ್ ಒತ್ತಿದ ಕಾಲು ಸಂಜೆಯವರೆಗೂ ನಡುಗುತ್ತಿತ್ತು. ಇನ್ನರ್ಧ ಕ್ಷಣ ತಡವಾಗಿದ್ದರೆ ಟ್ರ್ಯಾಕ್ಟರ್ ನನ್ನ ಮೇಲೆಯೇ ಅಂಗಾತ ಮಗುಚುತ್ತಿತ್ತು.

ದಿಮ್ಮಿಯ ಮೂತಿ ನೆಲಕ್ಕೆ ತಾಗದಂತೆ ಎಳೆಯಬೇಕು. ಎರಡು ಚಕ್ರದ ಕಮಾನಿಗೆ ತೂಗುಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ಮೂತಿಯ ಕೆಳಗೆ ಬಾಗಿಸಿದ ದಪ್ಪ ತಗಡನ್ನಾದರೂ ಕಟ್ಟಿ. ಹೀಗೆ ಮಾಡಿದರೆ ಎಳೆತ ಕಡಿಮೆಯಾಗುತ್ತದೆ. ಮಣ್ಣು, ಹರಳು ತೊಗಟೆಯೊಳಗೆ ಹೊಕ್ಕು ಗರಗಸದ ಹಲ್ಲು ಕೆಡುವುದೂ ತಪ್ಪುತ್ತದೆ. ಇಳಿಜಾರು ಕಡಿದಾಗಿರುವ ಕಡೆ ಮಾತ್ರ ದಿಮ್ಮಿಯನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಇಳಿಯಬೇಡಿ. ಅದು ನಿಮಗಿಂತ ಮೊದಲು ಕೆಳಗೆ ತಲುಪಲು ನೋಡುತ್ತದೆ. ಮೇಲೆ ಗಟ್ಟಿ ಬುಡವೊಂದಕ್ಕೆ ವಿಂಚ್ ಕಟ್ಟಿ, ಹಗ್ಗ ಬಿಡುತ್ತಾ ಇಳಿಸಿ.

ಹೇರುವುದು ಕಷ್ಟವಲ್ಲ, ತಾಳ್ಮೆಯ ಕೆಲಸ. ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿಯೇ ಇಡಿ, ಚಕ್ರಗಳಿಗೆ ಅಡೆ ಕೊಡಿ, ಹೇರುವ ಪಕ್ಕದಲ್ಲಿ ಚೌಕಟ್ಟಿನ ಕೆಳಗೆ ಊರೆ ನಿಲ್ಲಿಸಿ. ಊರೆ ಇಲ್ಲದಿದ್ದರೆ ದಿಮ್ಮಿ ಅಂಚಿಗೆ ಬಂದಾಗ ಟ್ರೇಲರ್ ವಾಲುತ್ತದೆ. ಎರಡು ಗಟ್ಟಿ ತೊಲೆಗಳನ್ನು ನೆಲದಿಂದ ಅಂಚಿಗೆ ಓರೆಯಾಗಿ ಇಡಿ. ಎರಡು ಹಗ್ಗ ಬೇಕು, ದಿಮ್ಮಿಯ ಎರಡೂ ತುದಿಗಳ ಬಳಿ ಒಂದೊಂದು. ಪ್ರತಿ ಹಗ್ಗದ ಒಂದು ಕೊನೆಯನ್ನು ಟ್ರೇಲರಿಗೆ ಕಟ್ಟಿ, ದಿಮ್ಮಿಯ ಅಡಿಯಿಂದ ಹಾಯಿಸಿ, ಮೇಲಿನಿಂದ ಮರಳಿ ತಂದು, ಆಚೆ ಬದಿಯ ವಿಂಚಿಗೆ ಸೇರಿಸಿ. ವಿಂಚ್ ಎಳೆದಂತೆ ದಿಮ್ಮಿ ತಾನೇ ಹಗ್ಗದ ಮಡಿಲಲ್ಲಿ ಉರುಳುತ್ತಾ ಏರುತ್ತದೆ. ಅಂಚು 60 ಸೆಂಟಿಮೀಟರ್ ಎತ್ತರ, ತೊಲೆ 2.4 ಮೀಟರ್ ಉದ್ದ ಇದ್ದರೆ ಇಳಿಜಾರು ತೂಕದ ಕಾಲು ಭಾಗವನ್ನಷ್ಟೇ ಕೇಳುತ್ತದೆ, ಹಗ್ಗದ ಮಡಿಕೆ ಅದನ್ನೂ ಅರ್ಧ ಮಾಡುತ್ತದೆ. 990 ಕಿಲೋದ ದಿಮ್ಮಿಗೆ 125 ಕಿಲೋದ ಎಳೆತ, ಅದರ ಮೇಲೆ ಉಜ್ಜಾಟಕ್ಕೆ ಒಂದಿಷ್ಟು. ಪ್ರತಿ ಗೇಣಿಗೂ ಹಿಂದೆ ಬೆಣೆ ಇಡುತ್ತಾ ಹೋಗಿ. ಬೆಣೆ ಇಡುವವನು ಪಕ್ಕದಿಂದ ಇಡಬೇಕು, ದಿಮ್ಮಿಯ ಕೆಳಗಡೆ ನಿಂತು ಅಲ್ಲ.

ಮೇಲೆ ಕೂತ ಮೇಲೆ ದಿಮ್ಮಿಯ ನಡು ಅಚ್ಚಿಗಿಂತ ತುಸು ಮುಂದಿರಲಿ, ದಪ್ಪ ತುದಿ ಮುಂದಕ್ಕೆ. ಭಾರ ಹಿಂದಾದರೆ ಟ್ರೇಲರ್ ಬಾಲ ಆಡಿಸುತ್ತದೆ. ಎರಡೂ ಪಕ್ಕ ಬೆಣೆ ಬಡಿದು, ಮೇಲಿನಿಂದ ಎರಡು ಕಡೆ ಪಟ್ಟಿ ಬಿಗಿಯಿರಿ. ಒಂದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಪಟ್ಟಿಯ ಕೆಳಗೆ ತೊಗಟೆ ಅಮುಕಿಕೊಂಡು ಸಡಿಲಾಗಿರುತ್ತದೆ, ನೋಡುತ್ತೀರಿ.

ಗರಗಸದವ:

ಸಾಮಿಲ್ಲಿನ ಕಡೆಯಿಂದ ಎರಡು ಮಾತು. ಮೂರು ಮೀಟರಿನ ಹಲಗೆ ಬೇಕಾದರೆ ಹತ್ತು ಸೆಂಟಿಮೀಟರ್ ಹೆಚ್ಚೇ ಇರಲಿ, ಹಳೇಸರಪಳಿಯವರು 3.1 ಎಂದದ್ದು ಅದಕ್ಕೇ. ಸಾಗಣೆಗೆ ರಹದಾರಿ ಬೇಕೇ ಎಂದು ಮರ ಅಲುಗಿಸುವ ಮೊದಲೇ ವಿಚಾರಿಸಿಕೊಳ್ಳಿ. ಕಾಗದವಿಲ್ಲದ ದಿಮ್ಮಿಯನ್ನು ನಾನಂತೂ ಗೇಟಿನೊಳಗೆ ಬಿಡುವುದಿಲ್ಲ.

ಆ ಮೊಳೆಗಳ ವಿಷಯ ಕೊನೆಯ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಅದೇ ಮೊದಲ ಸಾಲು. ಮರ ಬೆಳೆದಂತೆ ಮೊಳೆಯೂ ಮೇಲೇರಿ ಹೋಗಿರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಾಗುವುದಿಲ್ಲ. ಮರ ಎತ್ತರ ಬೆಳೆಯುವುದು ತುದಿಯಲ್ಲಿ, ಕಾಂಡ ಇದ್ದಲ್ಲೇ ದಪ್ಪವಾಗುತ್ತದೆ. ಬೇಲಿಯ ಮೊಳೆ ಬೇಲಿಯ ಎತ್ತರದಲ್ಲೇ ಹೂತಿರುತ್ತದೆ. ಆದ್ದರಿಂದ ಬುಡದ ತುಂಡಿನ ಮೊದಲ ಒಂದೂವರೆ ಮೀಟರನ್ನು ಲೋಹಶೋಧಕದಿಂದ ಸುತ್ತಲೂ ತಡವಿ. ಅದು ತೀರಾ ಆಳದ್ದನ್ನು ಹಿಡಿಯದಿರಬಹುದು. ಕೊಯ್ದ ಮುಖದಲ್ಲಿ ನೀಲಿಗಪ್ಪು ಗೆರೆಯೊಂದು ಕಂಡರೆ ಒಳಗೆ ಕಬ್ಬಿಣವಿದೆ ಎಂದೇ ಲೆಕ್ಕ, ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಅದರೊಂದಿಗೆ ಸೇರಿ ಶಾಯಿಯಾಗಿರುತ್ತದೆ. ಮೊದಲೇ ಹೇಳಿದರೆ ನಾನು ಹಳೆಯ ಬ್ಲೇಡ್ ಹಾಕಿಕೊಳ್ಳುತ್ತೇನೆ. ಹೇಳದಿದ್ದರೆ ಹೊಸದು ಹೋಗುತ್ತದೆ, ಆಮೇಲೆ ನಮ್ಮಿಬ್ಬರ ಮಾತೂ ಕೆಡುತ್ತದೆ.

ಮೇಲಂಚು:

ಎಲ್ಲರಿಗೂ ವಂದನೆ. ರಹದಾರಿ ಆಯಿತು, ತುದಿಯ ತುಂಡು ನಿನ್ನೆ ಸಾಮಿಲ್ ಸೇರಿತು. ಹೇರುವಾಗ ಮಾತ್ರ ದಿಮ್ಮಿ ಪ್ರತಿ ಸಲವೂ ಓರೆಯಾಗಿ ತಿರುಗಿ, ಒಂದು ತುದಿ ತೊಲೆಯಿಂದ ಜಾರಲು ನೋಡಿತು. ಹಗ್ಗ ಎರಡೂ ಕಡೆ ಸಮವಾಗಿಯೇ ಇತ್ತು. ಏನು ತಪ್ಪು?

ಹಳೇಸರಪಳಿ:

ತಪ್ಪು ನಿಮ್ಮದಲ್ಲ, ಮರದ್ದು. ಒಂದು ಸುತ್ತು ಉರುಳಿದರೆ ದಿಮ್ಮಿ ತನ್ನ ಸುತ್ತಳತೆಯಷ್ಟು ಮುಂದೆ ಹೋಗುತ್ತದೆ. ದಪ್ಪ ತುದಿ 1.7, ಸಣ್ಣ ತುದಿ 1.5 ಇದ್ದರೆ ಸುತ್ತಿಗೆ 20 ಸೆಂಟಿಮೀಟರ್ ವ್ಯತ್ಯಾಸ. ಓರೆಯಾಗಲೇಬೇಕು. ಎರಡೂ ಹಗ್ಗಗಳನ್ನು ಬೇರೆ ಬೇರೆಯಾಗಿ ಎಳೆಯುವ ಹಾಗೆ ಮಾಡಿಕೊಳ್ಳಿ. ಕಾಲು ಸುತ್ತಿಗೊಮ್ಮೆ ದಪ್ಪ ತುದಿಗೆ ಮುಂದೆಯೂ ಹಿಂದೆಯೂ ಬೆಣೆ ಕೊಟ್ಟು ನಿಲ್ಲಿಸಿ, ಸಣ್ಣ ತುದಿಯನ್ನು ಮಾತ್ರ ಎಳೆದು ಸರಿಗಟ್ಟಿ. ಬುಡದ ತುಂಡನ್ನು ಹೇರುವಾಗ ಇದನ್ನು ಮರೆತರೆ 990 ಕಿಲೋ ನೆನಪಿಸುತ್ತದೆ.

ಮೇಲಂಚು:

ಬುಡದ್ದೂ ಬಂತು. ಶೋಧಕ ಎರಡು ಕಡೆ ಕೂಗಿತು, ಎರಡೂ ನನ್ನ ಸೊಂಟದ ಎತ್ತರ. ಉಳಿಯಿಂದ ಕೆತ್ತಿ ನೋಡಿದರೆ ಎರಡು ಬೆರಳು ಆಳದಲ್ಲಿ ಬೇಲಿಯ ಕೊಂಡಿಮೊಳೆ, ಅದರಲ್ಲಿ ಒಂದು ಗಿಣ್ಣಿನಷ್ಟು ತಂತಿ ಇನ್ನೂ ಇತ್ತು. ಸುತ್ತಲಿನ ಮರ ಶಾಯಿ ಚೆಲ್ಲಿದ ಹಾಗೆ ಕಪ್ಪಗಿತ್ತು. ಆ ತಂತಿಯನ್ನು ಕಿಟಕಿಯ ಮೇಲಿಟ್ಟಿದ್ದೇನೆ, ಬಿಗಿದದ್ದು ಅಜ್ಜನೇ ಇರಬೇಕು ಎನ್ನುತ್ತಾರೆ ಅಪ್ಪ. ನಡುವಿನ ತುಂಡು ಇನ್ನೂ ಮೇಲೆಯೇ ಇದೆ, ಶನಿವಾರ ಇಳಿಸುತ್ತೇವೆ.

ಹಳೇಸರಪಳಿ:

ಅದರ ಮುಖಕ್ಕೆ ಮೇಣ ಬಳಿದಿದ್ದೀರಿ ತಾನೇ?

ಮೇಲಂಚು:

ಒಂದು ಮುಖಕ್ಕೆ ಬಳಿದಿದ್ದೆ. ಇನ್ನೊಂದಕ್ಕೆ ಈಗ ಹೋಗುತ್ತಿದ್ದೇನೆ.